ಒಬ್ಬರೇ ನಡೆಸುವ ಹಾಯಿದೋಣಿ

ಹೆಂಡತಿಯ ಅಕ್ಕನ ಗಂಡನ ಮೇಲೆ ಸಿಟ್ಟು ತೀರಿಸಿಕೊಳ್ಳಲು ನಮ್ಮಲ್ಲಿ ಯಾವ ದಾರಿಯೂ ಇಲ್ಲ. ಸ್ವಂತ ತಮ್ಮನಾದರೆ ಬೈಯಬಹುದು. ಭಾವಮೈದುನನಾದರೆ ತಮಾಷೆಯ ನೆಪದಲ್ಲಿ ಚುಚ್ಚಬಹುದು. ಷಡ್ಡಕ, ಅದರಲ್ಲೂ ಹಿರಿಯ ಷಡ್ಡಕರಾದರೆ ಹಲ್ಲು ಕಚ್ಚಿಕೊಂಡು, "ಇನ್ನೊಂದು ಸ್ವಲ್ಪ ಕಾಫಿ ಹಾಕಿಸ್ಕೊಳ್ಳಿ" ಎಂದು ನಗಬೇಕು. ಹಾಗೆ ನಕ್ಕೂ ನಕ್ಕೂ ನನ್ನ ದವಡೆ ಸವೆದುಹೋಗಿದೆ.

ತೊಂಬತ್ತರ ದಶಕದ ಕೊನೆಯ ಮಾತು. ನಾನಾಗ ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಮನೆ ಶಿವಮೊಗ್ಗದ ವಿನೋಬನಗರದಲ್ಲಿ. ವಾರವಿಡೀ ಯಂತ್ರಗಳ ಗದ್ದಲದಲ್ಲಿರುವವನಿಗೆ ಭಾನುವಾರ ಎರಡು ಗಂಟೆಯಾದರೂ ಯಾರ ಮಾತೂ ಕಿವಿಗೆ ಬೀಳದ ಜಾಗ ಬೇಕೆನಿಸುವುದು ತಪ್ಪೇ? ವರ್ಗವಾಗಿ ಹೊರಟ ಅಧಿಕಾರಿಯೊಬ್ಬರು ತಮ್ಮ ಹಳೆಯ ಹಾಯಿದೋಣಿಯನ್ನು ನನಗೆ ದಾಟಿಸಿದಾಗ ಆ ಜಾಗ ಸಿಕ್ಕಿತೆಂದುಕೊಂಡೆ. ದೋಣಿಯನ್ನು ಗಾಜನೂರಿನ ಹಿನ್ನೀರಿನಲ್ಲಿ ಇಟ್ಟೆ. ದಡದಲ್ಲಿ ಎಮ್ಮೆ ತೊಳೆಯುತ್ತಿದ್ದವನು, "ಮೀನಿಗಾ ಸಾರ್?" ಎಂದ. ಅಲ್ಲ ಎಂದೆ. "ಮರಳಿಗಾ?" ಅದಕ್ಕೂ ಅಲ್ಲ. "ಮತ್ಯಾಕೆ?" ಸುಮ್ಮನೆ ಎಂದಾಗ ಅವನು ಜೊತೆಗಿದ್ದ ನನ್ನ ಹೆಂಡತಿಯನ್ನು ಅಯ್ಯೋ ಪಾಪ ಎನ್ನುವಂತೆ ನೋಡಿದ.

ಹೆಂಡತಿ ಸುಮಿತ್ರಾ ಭದ್ರಾವತಿಯ ಹಳೇ ಪೇಟೆಯವಳು, ಹೊಳೆಯಲ್ಲಿ ಈಜಾಡಿ ಬೆಳೆದವಳು. ಅವತ್ತೊಂದು ದಿನ ದೋಣಿ ಹತ್ತಿದವಳು, ಅದು ಹಿಡಿ, ಇದು ಬಿಡು ಎಂದು ನಾನು ಉದ್ದಕ್ಕೂ ಹೇಳಿಕೊಡುತ್ತಲೇ ಇದ್ದರೂ, ತಲೆನೋವೆಂದು ಮತ್ತೆ ಬರಲಿಲ್ಲ. ಆದರೆ ಷರತ್ತು ಹಾಕಿದಳು. "ಒಬ್ರೇ ಹೋಗೋ ಹಾಗಿಲ್ಲ. ನೀವು ಹಿಂದೆ ಚುಕ್ಕಾಣಿ ಹಿಡ್ಕೊಂಡು ಕೂತಿರ್ತೀರಿ, ಹಾಯಿ ಇಳ್ಸೋ ಹಗ್ಗ ಇರೋದು ಮುಂದೆ ಕಂಬದ ಬುಡದಲ್ಲಿ. ಜೋರು ಗಾಳಿ ಬಂದ್ರೆ ಯಾರು ಬಿಚ್ತಾರೆ? ಭಾವನ್ನ ಕರ್ಕೊಂಡು ಹೋಗಿ."

ಈ ಭಾವನೇ ನನ್ನ ಷಡ್ಡಕರು, ನಾಗರಾಜಣ್ಣ. ಭದ್ರಾವತಿ ನ್ಯೂಟೌನಿನಿಂದ ಮೊದಲ ಬಸ್ಸಿಗೇ ಬಂದಿಳಿಯುತ್ತಿದ್ದರು. ನನ್ನ ಸ್ಕೂಟರಿನ ಹಿಂದೆ ಕೂತಾಗ ಶುರುವಾದ ಮಾತು ದೋಣಿ ದಡ ಸೇರಿದರೂ ಮುಗಿಯುತ್ತಿರಲಿಲ್ಲ. ಅವರ ಮೂಲವ್ಯಾಧಿ, ಅವರ ಬಡ್ತಿ, ಅದನ್ನು ತಪ್ಪಿಸಿದ ಬಡ್ಡಿಮಗ, ಆ ಬಡ್ಡಿಮಗನ ಮೂಲವ್ಯಾಧಿ. ಹಗ್ಗದ ಕೆಲಸವೊಂದು ಬಿಟ್ಟು ಬೇರೆಲ್ಲವನ್ನೂ ಅವರು ದೋಣಿಯಲ್ಲಿ ಮಾಡುತ್ತಿದ್ದರು. ಒಂದು ಭಾನುವಾರ ಗಾಳಿ ಎದ್ದು ದೋಣಿ ವಾಲಿತು. "ಇಳಿಸಿ! ಹಾಯಿ ಇಳಿಸಿ!" ಎಂದು ಕಿರುಚಿದೆ. "ತಡೀರಿ ಮಾರಾಯ್ರೆ, ಕೈಯೆಲ್ಲ ಚಿತ್ರಾನ್ನ" ಎಂದರು. ನಾನು ನೀರಿಗೆ ಬಿದ್ದೆ. ಅವರು ಬೀಳಲಿಲ್ಲ, ಚಿತ್ರಾನ್ನವೂ ಬೀಳಲಿಲ್ಲ. ಅದಕ್ಕಿಂತ ಹೊಟ್ಟೆ ಉರಿದದ್ದು ಮನೆಗೆ ಬಂದ ಮೇಲೆ. ಒದ್ದೆ ಬಟ್ಟೆಯಲ್ಲಿ ನಾನು ನಿಂತಿರುವಾಗಲೇ ಅವರು ಸುಮಿತ್ರಾಗೆ, "ನಾನಿದ್ದೆ ಅಂತ ಬಚಾವು ನೋಡಮ್ಮ" ಎಂದರು. ನಾನು ನಕ್ಕು ಅವರಿಗೆ ಕಾಫಿ ಕೊಟ್ಟೆ.

ಅವತ್ತೇ ಶಪಥ ಮಾಡಿದೆ. ಹಗ್ಗಗಳೆಲ್ಲ ಕಂಬದ ಬುಡದಲ್ಲಿರುವುದರಿಂದ ತಾನೇ ಈ ಮನುಷ್ಯ ಬೇಕಾಗಿರುವುದು? ಹಗ್ಗಗಳನ್ನೇ ನನ್ನ ಬಳಿಗೆ ತಂದರಾಯಿತು. ಕಂಬದ ಬುಡದಲ್ಲಿ ರಾಟೆ ಕೂರಿಸಿ, ದೊಡ್ಡ ಹಾಯಿಯ ಹಗ್ಗ, ಚಿಕ್ಕ ಹಾಯಿಯ ಹಗ್ಗ ಎರಡನ್ನೂ ಹಿಂದಕ್ಕೆ ಎಳೆದು ಚುಕ್ಕಾಣಿಯ ಪಕ್ಕದಲ್ಲೇ ಕಟ್ಟಿಕೊಂಡರೆ ಕೂತಲ್ಲಿಂದಲೇ ಏರಿಸಬಹುದು, ಇಳಿಸಬಹುದು. ಗಾಂಧಿ ಬಜಾರಿನ ಅಂಗಡಿಯವನು ಬಾವಿಯ ರಾಟೆಯನ್ನೇ ತೋರಿಸಿ ತೋರಿಸಿ ನನ್ನ ತಲೆ ಕೆಡಿಸಿದ. ಕೊನೆಗೆ ಭದ್ರಾವತಿಯ ಲೇತಿನವರಲ್ಲಿ ಪುಟ್ಟ ಹಿತ್ತಾಳೆ ರಾಟೆಗಳನ್ನು ಮಾಡಿಸಿದೆ. ಅವನ್ನು ದೋಣಿಗೆ ಹಾಕುವ ಮೊದಲು ಮನೆಯಲ್ಲಿ ಅಭ್ಯಾಸ. ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ, ಕಿಟಕಿಯ ಸರಳಿಗೆ ರಾಟೆ ಕಟ್ಟಿ, ಹಾಯಿಯ ಜಾಗದಲ್ಲಿ ಸುಮಿತ್ರಾಳ ಹಳೆಯ ಸೀರೆ ಏರಿಸಿದೆ. ತುದಿ ಹಿಡಿಯಲು ಅವಳೇ ಬೇಕು. ಹಿಡಿದವಳು ಸುಮ್ಮನಿರಬೇಡವೇ? "ಎರಡೂ ಹಗ್ಗ ಒಂದೇ ಥರ ಇದ್ರೆ ಗಾಬರಿಲಿ ಯಾವ್ದು ಅಂತ ಹೇಗೆ ಗೊತ್ತಾಗತ್ತೆ? ಮೊದಲು ಯಾವ್ದು ಇಳ್ಸೋದು?" ಎಂದಳು. "ನೀನು ಹಿಡ್ಕೊಂಡಿರು ಅಂದ್ರೆ ಹಿಡ್ಕೊಂಡಿರೇ!" ಎಂದು ರೇಗಿದೆ. ರೇಗಿದರೂ ಮೊದಲು ಇಳಿಸಬೇಕಾದ ದೊಡ್ಡ ಹಾಯಿಯ ಹಗ್ಗಕ್ಕೆ ಕೆಂಪು ಬಣ್ಣ ಬಳಿದೆ.

ಎಲ್ಲ ಸಿದ್ಧವಾದ ಮೇಲೆ ಒಬ್ಬನೇ ಹೋಗಲು ಅವಳ ಒಪ್ಪಿಗೆ ಬೇಕಲ್ಲ. ಭಾನುವಾರ ಗಾಜನೂರಿಗೆ ಕರೆದುಕೊಂಡು ಹೋದೆ. ಯಾರು ಹೇಳಿದರೋ, ನಾಗರಾಜಣ್ಣ ಆಗಲೇ ಅಲ್ಲಿ ನಿಂತಿದ್ದರು. ಅವರ ಮುಖಕ್ಕೆ ಹೊಡೆದಂತೆ, ಬೇಕೆಂದೇ ದೊಡ್ಡ ದನಿಯಲ್ಲಿ ವಿವರಿಸಿದೆ. "ಇನ್ನು ಎರಡನೇ ಮನುಷ್ಯನ ಹಂಗಿಲ್ಲ. ಚಿಕ್ಕ ಮಗು ಬೇಕಾದರೂ ಒಂದೇ ಕೈಯಲ್ಲಿ ನಡೆಸಬಹುದು!" ಹಾಯಿಗಳನ್ನು ಏರಿಸಿ ಇಳಿಸಿ ತೋರಿಸಿದೆ. ಸುಮಿತ್ರಾ ದೋಣಿಯೊಳಗೆ ಕೂತು ತಾನೂ ಏರಿಸಿದಳು, ಇಳಿಸಿದಳು, ಮತ್ತೆ ಏರಿಸಿದಳು. ನಾನು ಮೊಣಕಾಲುದ್ದ ನೀರಿನಲ್ಲಿ ದೋಣಿ ಹಿಡಿದು ನಿಂತಿದ್ದೆ.

"ಸ್ವಲ್ಪ ದೂಡಿ" ಎಂದಳು.

ದೂಡಿದೆ. ಹೆಂಡತಿ ಹೇಳಿದ್ದನ್ನು ಮಾಡಿ ಅಭ್ಯಾಸ. ಬೆಳಗಿನ ತೆಳುಗಾಳಿ ಹಾಯಿಯನ್ನು ತುಂಬಿತು, ದೋಣಿ ಹೊರಟೇಹೋಯಿತು. "ಏಯ್, ಎಲ್ಲಿಗೆ? ಬಲಕ್ಕೆ ತಿರುಗಿಸು! ಕೆಂಪು ಹಗ್ಗ! ಕೆಂಪು!" ಎಂದು ಗಂಟಲು ಹರಿಯುವಂತೆ ಕೂಗಿದೆ. ಅವಳು ತಿರುಗಿಯೂ ನೋಡಲಿಲ್ಲ. ಎರಡು ಗಂಟೆ ನಾನು ದಡದಲ್ಲಿ ನಾಗರಾಜಣ್ಣನ ಪಕ್ಕ ಕೂತಿದ್ದೆ. ಬಡ್ಡಿಮಗನ ಕಥೆ ಮೊದಲಿನಿಂದ ಶುರುವಾಯಿತು.

ವಾಪಸು ಬಂದವಳ ಮುಖ ನೋಡಬೇಕಿತ್ತು. ಮದುವೆಯಾದಾಗಿನಿಂದ ಅಷ್ಟು ಹಗುರಾಗಿ ಅವಳನ್ನು ನಾನು ಕಂಡಿರಲಿಲ್ಲ. ಬೈಯಬೇಕೆಂದಿದ್ದವನು ದೋಣಿ ಹಿಡಿದು ದಡಕ್ಕೆಳೆದೆ.

"ನೀರಿನ ಮೇಲೆ ಎಷ್ಟು ಶಾಂತವಾಗಿರತ್ತೆ ರೀ!" ಎಂದಳು. "ಅವತ್ತು ನಿಮ್ ಜೊತೆ ಬಂದಾಗ ಗೊತ್ತೇ ಆಗಿರ್ಲಿಲ್ಲ. ಮುಂದಿನ ಭಾನುವಾರಾನೂ ಬರ್ತೀನಿ. ಒಬ್ಳೇ."

ನಾಗರಾಜಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕರು. ಷಡ್ಡಕರೆಂಬುದನ್ನೂ ಮರೆತು ಅವತ್ತು ಅವರ ಮೇಲೆ ಬಾಯಿಗೆ ಬಂದಂತೆ ರೇಗಿಬಿಟ್ಟೆ. ನನ್ನ ಮೇಲೆ ನಾನೇ ರೇಗಲು ಅವರಿಬ್ಬರೆದುರು ಆಗುತ್ತದೆಯೇ?