ಆರಡಿ ಮೂರಂಗುಲದ ಪುಕ್ಕಲ

ಎತ್ತರದ ಮನುಷ್ಯನಿಗೆ ಹೆದರಿಕೆ ಇರೋದಿಲ್ಲ ಅಂತ ಜನ ನಂಬಿಬಿಟ್ಟಿರುತ್ತಾರೆ. ನಾನು ಆರಡಿ ಮೂರಂಗುಲ. ಬಾಸ್ಕೆಟ್‌ಬಾಲ್ ಆಡಿದಷ್ಟು ದಿನವೂ, ಆಮೇಲೆ ಚಿತ್ರದುರ್ಗದ ಕಾಲೇಜೊಂದರಲ್ಲಿ ಕೋಚ್ ಆಗಿದ್ದಷ್ಟು ದಿನವೂ ಒಂದಲ್ಲ ಒಂದು ಕಡೆ ನಡುಗುವ ಪ್ರಸಂಗ ಬಂದೇ ಬರುತ್ತಿತ್ತು.

ಕಣ್ಣು ಮುಚ್ಚಿದ್ದು

ಎಪ್ಪತ್ತರ ದಶಕದ ಶುರುವಿನ ಮಾತು. ಬೆಂಗಳೂರಿನ ಕಾರ್ಖಾನೆಯೊಂದು ನನ್ನನ್ನು ಆಟಕ್ಕೆಂದೇ ನೌಕರಿಗೆ ಇಟ್ಟುಕೊಂಡಿತ್ತು. ಚಾಂಪಿಯನ್‌ಷಿಪ್ ಫೈನಲ್, ಕೊನೆಯ ಗಳಿಗೆ, ಎರಡೂ ತಂಡ ಸಮ. ನನಗೊಂದು ಫ್ರೀ ಥ್ರೋ ಸಿಕ್ಕಿತು. ಹಾಕಿದರೆ ಕಪ್ ನಮ್ಮದು. ತಪ್ಪಿದರೆ ನೌಕರಿ ಉಳಿಯುತ್ತೋ ಇಲ್ಲವೋ. ರಿಂಗ್ ನೋಡುವ ಧೈರ್ಯ ಸಾಲದೆ ಕಣ್ಣು ಮುಚ್ಚಿ ಎಸೆದೆ. ಜನ ಕೂಗಿದ ಮೇಲೇ ಗೊತ್ತಾಗಿದ್ದು, ಚೆಂಡು ಒಳಗೆ ಬಿದ್ದಿದೆ ಅಂತ. ಮರುದಿನ ಪೇಪರಿನಲ್ಲಿ ಕಣ್ಣು ಮುಚ್ಚಿದ ನನ್ನ ಫೋಟೋ ಕೆಳಗೆ ‘ಧ್ಯಾನಸ್ಥ ಆಟಗಾರ’ ಅಂತ ಅಚ್ಚಾಗಿತ್ತು.

ಮುಂದೆ ದುರ್ಗದ ಕಾಲೇಜಿನ ನನ್ನ ಹುಡುಗರು ಆ ಫೋಟೋ ನೋಡಿ, ತಾವೂ ಕಣ್ಣು ಮುಚ್ಚಿ ಎಸೆಯಲು ಶುರು ಮಾಡಿದರು. ಆ ವರ್ಷ ಚೆಂಡು ಬೀಳದೇ ಇದ್ದ ಜಾಗ ಅಂದರೆ ರಿಂಗ್ ಒಂದೇ.

ಹಲಗೆಯ ಹಿಂದೆ

ಹೊಸದುರ್ಗಕ್ಕೆ ಪಂದ್ಯಕ್ಕೆ ಹೋಗಿದ್ದೆವು. ನಮ್ಮ ಮೊದಲ ಚೆಂಡು ರಿಂಗಿನ ಹಿಂದಿನ ಮರದ ಹಲಗೆಗೆ ಬಡಿದದ್ದೇ ತಡ, ಗುಂಯ್ ಅಂತು. ಹಲಗೆಯ ಹಿಂದೆ ಮಾರುದ್ದದ ಹೆಜ್ಜೇನು! ಎರಡು ಹುಳ ಎದ್ದು ಬಂದವು. ಆಮೇಲೆ ನಮ್ಮವರು ಯಾರೂ ಆ ಕಡೆ ಸುಳಿಯಲಿಲ್ಲ. ಚೆಂಡು ಸಿಕ್ಕವನು ಹಾವು ಹಿಡಿದವನ ಹಾಗೆ ಇನ್ನೊಬ್ಬನ ಕೈಗೆ ದಾಟಿಸುತ್ತಿದ್ದ.

“ಹುಳಕ್ಕೆ ಹೆದರ್ತೀರೇನ್ರೋ? ನುಗ್ಗಿ!” ಅಂತ ಟವೆಲ್ ಮುಸುಕು ಹಾಕಿಕೊಂಡು ಬೆಂಚಿನ ಹಿಂದಿನಿಂದ ಕೂಗಿದೆ.

ಅರ್ಧ ಆಟಕ್ಕೆ ನಮ್ಮದು ಸೊನ್ನೆ. ಇನ್ನು ಕಡೆ ಬದಲಾಗಬೇಕು, ಜೇನಿನ ರಿಂಗ್ ಹೊಸದುರ್ಗದವರ ಪಾಲಿಗೆ. ನನಗೆ ಜೀವ ಬಂತು. ಅಷ್ಟರಲ್ಲಿ ಅವರ ಕ್ಯಾಪ್ಟನ್ ಕೈಕಟ್ಟಿಕೊಂಡು ಬಂದು ವಿನಯದಿಂದ ಹೇಳಿದ: “ಕಡೆ ಬದಲಾಯಿಸಾದು ಬ್ಯಾಡ ಸಾರ್. ನಿಮ್ಮೋರಿಗೆ ಆ ಕಡೆ ರೂಢಿ ಆಗೈತೆ.”

ಹೊಲಿಗೆ ಮೇಷ್ಟ್ರು

ನಮ್ಮ ಹುಡುಗಿಯರ ತಂಡದ ಜೀವಾಳ ಹೊಳಲ್ಕೆರೆ ಹತ್ತಿರದ ತಾಳ್ಯದ ಕಡೆಯ ಕುರಿ ಕಾಯುವವರ ಮಗಳು. ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಸಂಜೆ ಹೊಲಿಗೆ ಕಲಿಯುತ್ತೇನೆ ಅಂತ ಮನೆಯಲ್ಲಿ ಸುಳ್ಳು ಹೇಳಿದ್ದಳು.

ಹೊಳಲ್ಕೆರೆಯಲ್ಲಿ ಹಿರಿಯೂರಿನವರ ಮೇಲೆ ಫೈನಲ್. ಆಟ ಶುರುವಾಗುವ ಹೊತ್ತಿಗೆ ಅವಳ ಮುಖ ಬಿಳುಚಿತು.

“ಸಾರ್, ನಮ್ಮಪ್ಪ! ಯಾರೋ ಹೇಳ್ಬಿಟ್ಟವ್ರೆ. ಇವತ್ತೇ ಕಾಲೇಜು ಬಿಡಿಸ್ತಾನೆ.”

ಅಂಗಳದಂಚಿನಲ್ಲಿ ಹೆಗಲ ಮೇಲೆ ಕಂಬಳಿ, ಕೈಯಲ್ಲಿ ತುದಿಗೆ ಕುಡುಗೋಲು ಕಟ್ಟಿದ ಉದ್ದನೆಯ ದೋಟಿ ಹಿಡಿದು ಒಬ್ಬರು ನಿಂತಿದ್ದರು. ನನಗಿಂತ ಒಂದಂಗುಲ ಎತ್ತರವೇ.

“ನೀನು ಆಡಮ್ಮ, ನಾನು ಮಾತಾಡ್ತೀನಿ” ಅಂದೆ. ಹಾಗಂದವನು ಅವರಿಂದ ಆದಷ್ಟು ದೂರ ಹೋಗಿ ನಿಂತೆ. ತಿರುಗಿದಾಗಲೆಲ್ಲ ಆ ಕುಡುಗೋಲು ಹತ್ತು ಹೆಜ್ಜೆ ಹತ್ತಿರ ಬಂದಿರುತ್ತಿತ್ತು. ಹೆದರಿಕೆಗೆ ಒಂದೇ ಸಮ ಕೂಗಿದೆ: “ಓಡ್ರೇ! ಅಡ್ಡ ಹಾಕ್ರೇ! ಎಡಕ್ಕೆ, ಎಡಕ್ಕೆ!” ಕೊನೆಯ ಬಾಸ್ಕೆಟ್ ಅವಳೇ ಹಾಕಿದಳು. ಗೆದ್ದೆವು. ಎಲ್ಲರೂ ಕುಣಿಯುತ್ತಿದ್ದರು, ನಾನು ಮಾತ್ರ ಗೇಟು ಎಲ್ಲಿದೆ ಅಂತ ನೋಡುತ್ತಿದ್ದೆ.

ದೋಟಿ ನನ್ನ ಮುಂದೆ ಬಂದು ನಿಂತಿತು.

“ನನ್ ಮಗ್ಳಿಗೆ ಹೊಲಿಗೆ ಕಲಿಸಾ ಮೇಷ್ಟ್ರು ನೀವೇ ಏನ್ರಿ?”

“ಹೌದ್ರಿ” ಅಂದು ಒಂದು ಹೆಜ್ಜೆ ಹಿಂದೆ ಸರಿದೆ.

ಅವರು ಮಗಳನ್ನು ನೋಡಿದರು, ನನ್ನನ್ನು ನೋಡಿದರು. “ಚೆನ್ನಾಗಿ ಓಡ್ತಾಳೆ. ಆಡ್ಲಿ ಬಿಡ್ರಿ.”

ನನಗೆ ಹೋದ ಉಸಿರು ಬಂತು. ಅವರು ನನ್ನ ಭುಜದ ಮೇಲೆ ಕೈಯಿಟ್ಟು, ಬಹಳ ಮರುಕದಿಂದ ಅಂದರು:

“ಐದು ಜನಾನ ಕಾಯಾಕೆ ಇಷ್ಟು ಬಾಯಿ ಬಡ್ಕಂತೀರಲ್ರಿ ಮೇಷ್ಟ್ರೇ! ನಂದು ಇನ್ನೂರು ಕುರಿ ಐತೆ. ಒಂದಿನ ಗುಡ್ಡದ ಕಡೀಗ್ ಬರ್ರಿ, ಹೇಳ್ಕೊಡ್ತೀನಿ.”