ಗೋಡೆ ಒಡೆಯದ ರಿಪೇರಿ

ಡಾಕ್ಟರಮ್ಮ ‘ವಾಲ್ವ್’ ಎಂಬ ಒಂದು ಪದ ಬಳಸದೇ ಇದ್ದಿದ್ದರೆ ಪ್ಲಂಬರ್ ತೆಪ್ಪಗೆ ಕೂತಿರುತ್ತಿದ್ದ.

“ಮಗೂಗೆ ಹೃದಯದ ಒಂದು ವಾಲ್ವ್ ಕಿರಿದಾಗಿದೆ. ತೊಡೆಯ ರಕ್ತನಾಳದಿಂದ ಸಣ್ಣ ಟ್ಯೂಬ್ ಕಳಿಸಿ, ಅದರ ತುದೀಲಿರೋ ಬಲೂನ್ ಉಬ್ಬಿಸಿ ವಾಲ್ವ್ ಅಗಲ ಮಾಡ್ತೀವಿ. ಎದೆ ಕೊಯ್ಯೋದಿಲ್ಲ,” ಎಂದರು ಅವರು.

ವಾಲ್ವ್ ಅಂದಮೇಲೆ ಅದು ಅವನ ಇಲಾಖೆ. “ಮೇಡಂ, ಒಳಗಿನ ವಾಲ್ವ್ ಕೆಟ್ರೆ ಒಡೀಲೇಬೇಕು. ಒಡೀದೆ ಮಾಡಿದ್ದು ಬಾಳಿಕೆ ಬರಲ್ಲ.”

ಹೆಂಡತಿ ಮೇಜಿನ ಕೆಳಗೆ ಅವನ ಕಾಲು ತುಳಿದಳು. “ನನ್ನ ಮಗಳು ಗೋಡೆಯಲ್ಲ ಕಣ್ರೀ. ಸುಮ್ನೆ ಸೈನ್ ಹಾಕಿ.”

ಹಾಕಿದ. ಆರು ವರ್ಷದ ಮಗಳು ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದಳು. ಅವಳನ್ನು ಒಳಗೆ ಕರೆದೊಯ್ದು ಬಾಗಿಲು ಮುಚ್ಚಿದಾಗ ಅವನ ಜೀವ ಬಾಯಿಗೆ ಬಂತು.

ಧೈರ್ಯ ಹೇಳಲು ಪಕ್ಕದ ಮನೆಯ ಮೇಷ್ಟ್ರು ಬಂದಿದ್ದರು. ಪಾಪ, ಅವರಿಗೆ ಬರುತ್ತಿದ್ದುದು ಅನುಮಾನ ಹುಟ್ಟಿಸುವುದು ಮಾತ್ರ.

“ಕೆಟ್ಟಿರೋದು ಎದೇಲಿ, ತೂತು ಹಾಕೋದು ತೊಡೇಲಾ? ದಾರೀಲಿ ತಿರುವು ತಪ್ಪಿದ್ರೆ ಏನಯ್ಯಾ ಗತಿ?”

ಪ್ಲಂಬರ್ ಬೆವರಿದ. ಕಟ್ಟಿಕೊಂಡ ಪೈಪು ಬಿಡಿಸುವಾಗ ತಿರುವುಗಳಲ್ಲಿ ಅವನ ತಂತಿ ಎಷ್ಟೋ ಸಲ ಸಿಕ್ಕಿಕೊಂಡಿತ್ತು.

ಅಷ್ಟರಲ್ಲಿ ನರ್ಸ್ ಒಬ್ಬಳು ಫೋನಿನಲ್ಲಿ ಮಾತಾಡುತ್ತಾ ದಡಬಡ ಬಂದಳು. “ಬಲೂನ್ ಒಡೆದ್ಹೋಯ್ತು! ಬೇಗ ಇನ್ನೊಂದು ಕಳಿಸಿ, ಮಗು ಅಳ್ತಿದೆ!”

ಪ್ಲಂಬರ್ ಬಾಗಿಲಿಗೆ ನುಗ್ಗಿದ. “ನಿಲ್ಸಿ! ಮೊದ್ಲು ಮೇನ್ ವಾಲ್ವ್ ಬಂದ್ ಮಾಡಿ!” ಕಾವಲುಗಾರ ಅವನ ಸೊಂಟ ಹಿಡಿದೆಳೆದ, ಮೇಷ್ಟ್ರು ಕಾವಲುಗಾರನನ್ನು ಎಳೆದರು, ಹೆಂಡತಿ ಮೂವರನ್ನೂ ಬೈದಳು. ಕೊನೆಗೆ ನರ್ಸ್ ತನ್ನ ಕೈಯಲ್ಲಿದ್ದ ಕೆಂಪು ರಬ್ಬರ್ ಚೂರು ತೋರಿಸಿ, “ಮಕ್ಕಳ ಆಟದ ಕೋಣೆ ಬಲೂನು ಕಣ್ರೀ!” ಎಂದು ಹಣೆ ಚಚ್ಚಿಕೊಂಡಳು.

ಮುಕ್ಕಾಲು ಗಂಟೆಯ ಮೇಲೆ ಡಾಕ್ಟರಮ್ಮ ಬಂದು ಅವರನ್ನು ಒಳಗೆ ಕರೆದರು. ವಾಲ್ವ್ ಚೆನ್ನಾಗಿ ತೆರೆದುಕೊಂಡಿತ್ತು. ಮಗಳ ತೊಡೆಯ ಮೇಲೊಂದು ಪುಟ್ಟ ಪಟ್ಟಿ, ಎದೆಯ ಮೇಲೆ ಗೀರೂ ಇಲ್ಲ. ಪ್ಲಂಬರ್ ಬಿಕ್ಕಿ ಬಿಕ್ಕಿ ಅತ್ತ. ಮದುವೆಯ ದಿನವೂ ಅವನಿಗೆ ಅಷ್ಟು ಸಂತೋಷವಾಗಿರಲಿಲ್ಲ.

ಅತ್ತು ಮುಗಿಸಿ ಹೊರಗೆ ಬಂದ ಮೇಲೆ ಬಾಯಿ ಸುಮ್ಮನಿರಬೇಕಲ್ಲ? ಹಜಾರದಲ್ಲಿ ಕೂತಿದ್ದವರಿಗೆಲ್ಲ ಪಾಠ ಶುರು ಮಾಡಿದ.

“ನೋಡಿ ಮೇಷ್ಟ್ರೇ, ವಾಲ್ವ್ ಅಂದ್ರೆ ವಾಲ್ವೇ. ಎದೇದಾದ್ರೇನು, ಬಚ್ಚಲುಮನೇದಾದ್ರೇನು? ದಾರಿ ಗೊತ್ತಿದ್ದೋನು ಒಂದಿಂಚೂ ಒಡೆಯಲ್ಲ. ಗೊತ್ತಿಲ್ದೋನು ಮಾತ್ರ ಒಡೆಯೋದು!”

ಮೇಷ್ಟ್ರು ನಿಧಾನವಾಗಿ ಕನ್ನಡಕ ಒರೆಸಿಕೊಂಡರು. “ಹೋದ ತಿಂಗಳು ನನ್ನ ಬಚ್ಚಲುಮನೆ ಗೋಡೆ ಮೂರು ಸಲ ಒಡೆದ್ಯಲ್ಲ, ಆವಾಗ ನಿಂಗೆ ದಾರಿ ಗೊತ್ತಿರ್ಲಿಲ್ವೇನಯ್ಯಾ?”

ಹಜಾರವೆಲ್ಲ ನಕ್ಕಿತು. ಪ್ಲಂಬರ್ ಜಾರಿಕೊಳ್ಳಲು ತಿರುಗಿದರೆ ಹಿಂದೆಯೇ ಡಾಕ್ಟರಮ್ಮ ನಿಂತಿದ್ದರು.

“ಬೆಳಗ್ಗೆಯಿಂದ ಈ ಮುಖ ಎಲ್ಲೋ ನೋಡಿದೀನಿ ಅನ್ನಿಸ್ತಿತ್ತು. ನಮ್ಮ ಅಡುಗೆಮನೆ ಗೋಡೆ ಒಡೆದಿಟ್ಟು, ಈಗ ಬಂದೆ ಅಂತ ಹೇಳಿ ಹೋದೋರು ನೀವೇ ಅಲ್ವಾ?”

ಪ್ಲಂಬರ್ ತೊದಲಿದ. “ಮೇಡಂ... ಮಗೂನ ಮನೆಗೆ ಯಾವಾಗ ಕಳಿಸ್ತೀರಿ?”

“ಮಗೂನ ನಾಳೆನೇ ಕಳಿಸ್ತೀನಿ,” ಎಂದರು ಡಾಕ್ಟರಮ್ಮ. “ನಿಮ್ಮನ್ನ ಮಾತ್ರ, ನಮ್ಮ ಅಡುಗೆಮನೆ ಮುಗಿದ ಮೇಲೆ.”