ನಡುಮನೆಯಿಂದ ಗಿಂಡಿಗೆ

ಗುರುಚರಣನಿಗೆ ಮದರಾಸಿನ ಗಿಂಡಿಯ ಕಾರ್ಖಾನೆ ಕೊಟ್ಟ ಸ್ವಯಂ ನಿವೃತ್ತಿಯಲ್ಲಿ ‘ಸ್ವಯಂ’ ಎಂಬುದು ಎಲ್ಲಿತ್ತೋ, ಅವನ ಹೆಂಡತಿ ಜಯಲಕ್ಷ್ಮಿಗೆ ಕೊನೆಗೂ ಗೊತ್ತಾಗಲಿಲ್ಲ. ನಿವೃತ್ತಿ ಮಾತ್ರ ಕಣ್ಣೆದುರಿಗೇ ಇತ್ತು. ಬನಿಯನ್ನು ಹಾಕಿಕೊಂಡು, ನಡುಮನೆಯ ಈಸಿಚೇರಿನಲ್ಲಿ, ಗೋಡೆ ನೋಡುತ್ತ ಕೂತಿತ್ತು.

ಮಧುಗಿರಿಯಿಂದ ಮದುವೆಯಾಗಿ ಕೋಡಂಬಾಕ್ಕಮ್ಮಿಗೆ ಬಂದಾಗಿನಿಂದ ಅವಳು ಗಂಡನನ್ನು ಹಗಲು ಬೆಳಕಿನಲ್ಲಿ ಸರಿಯಾಗಿ ನೋಡಿದ್ದು ಭಾನುವಾರಗಳಲ್ಲಿ ಮಾತ್ರ. ಈಗ ವಾರವೆಲ್ಲ ನೋಡುವ ಭಾಗ್ಯ. ಅವಳು ಗುಡಿಸಿಕೊಂಡು ಬಂದರೆ ಅವನು ಎರಡೂ ಕಾಲು ಮೇಲೆತ್ತುತ್ತಿದ್ದ. ಒರೆಸಿಕೊಂಡು ಬಂದರೆ ಮತ್ತೊಮ್ಮೆ ಎತ್ತುತ್ತಿದ್ದ. ಅವನ ಇಡೀ ದಿನದ ವ್ಯಾಯಾಮ ಅಷ್ಟೇ.

ಮೊದಮೊದಲು ಹಾಲಿಗೋ ಪೇಪರಿಗೋ ಹೊರಗೆ ಹೋಗುತ್ತಿದ್ದ. ಒಂದು ದಿನ ಮೇಲಿನ ಮನೆಯ ಬ್ಯಾಂಕಿನವರು ಮೆಟ್ಟಿಲಿಳಿಯುತ್ತ, “ಎನ್ನ ಸಾರ್, ಇನ್ನಿಕ್ಕು ಲೀವಾ?” ಅಂದರು. ಹೌದು, ಇವತ್ತು ರಜ ಎಂದು ಹೇಳಿ ಒಳಗೆ ಬಂದುಬಿಟ್ಟ. ಮಾರನೆಯ ದಿನವೂ ಅದನ್ನೇ ಹೇಳಲು ನಾಲಿಗೆ ಏಳಲಿಲ್ಲ. ಅಂದಿನಿಂದ ಗುರುಚರಣ ಹೊಸಿಲು ದಾಟಿರಲಿಲ್ಲ. ಮೆಟ್ಟಿಲ ಮೇಲೆ ಬೂಟಿನ ಸದ್ದಾದರೆ ಎದ್ದು ಕಿಟಕಿಯ ಒಂದು ಬಾಗಿಲು ಮುಚ್ಚುತ್ತಿದ್ದ, ಸದ್ದು ರಸ್ತೆ ಸೇರಿದ ಮೇಲೆ ತೆಗೆಯುತ್ತಿದ್ದ.

ರಕ್ತದಲ್ಲಿ ಸಕ್ಕರೆ ಏರಿದೆ, ನಡೆಯಬೇಕು ಎಂದು ಮನೆಗೇ ಬಂದು ನೋಡಿದ ಡಾಕ್ಟರು ಹೇಳಿದರು. ಜಯಲಕ್ಷ್ಮಿಯನ್ನು ಹೆದರಿಸಿದ್ದು ಸಕ್ಕರೆಯಲ್ಲ. ಮಾತು ಕೇಳಿದರೆ ಗೋಡೆಯ ಕಡೆಯಿಂದ ‘ಹೂಂ’ ಎಂದು ಬರುತ್ತಿದ್ದ ಉತ್ತರ ದಿನದಿಂದ ದಿನಕ್ಕೆ ಸಣ್ಣಗಾಗುತ್ತಿತ್ತು. ಹೀಗೇ ಬಿಟ್ಟರೆ ಒಂದು ಸಂಜೆ ದೀಪ ಹಚ್ಚುವಾಗ ಕುರ್ಚಿಯಲ್ಲಿ ಬನಿಯನ್ನು ಮಾತ್ರ ಉಳಿದಿರುತ್ತದೆ ಎಂದು ಅವಳಿಗೆ ಅನ್ನಿಸತೊಡಗಿತು. ಇವರು ಹೊಸಿಲು ದಾಟಲಿ, ಅದೊಂದಾದರೆ ಸಾಕು ಎಂದು ರಾಯರಿಗೆ ಹರಕೆ ಹೊತ್ತಳು.

ಹರಕೆಯ ಜೊತೆಗೆ ಒಂದು ಉಪಾಯವನ್ನೂ ಮಾಡಿದಳು. ಎರಡು ಸಾವಿರದ ಒಂದನೇ ಇಸವಿಯ ಬೇಸಿಗೆ ಅದು. ಯಾರೋ ವಿದೇಶಿ ಎಂಜಿನಿಯರು ಊರು ಬಿಡುವ ಮುಂಚೆ ಮನೆಯ ಸಾಮಾನನ್ನೆಲ್ಲ ಮಾರುತ್ತಿದ್ದ. ಅಲ್ಲಿ ಅವಳಿಗೆ ಒಂದು ಕಬ್ಬಿಣದ ಸ್ಟ್ಯಾಂಡು ಸಿಕ್ಕಿತು. ಅದು ಸೈಕಲ್ಲಿನ ಹಿಂದಿನ ಚಕ್ರವನ್ನು ಎರಡು ಕಡೆಯಿಂದ ಕಚ್ಚಿ ನೆಲದಿಂದ ಎತ್ತಿ ಹಿಡಿಯುತ್ತದೆ, ಟೈರಿಗೆ ಒಂದು ಉರುಳೆ ಒತ್ತಿಕೊಂಡಿರುತ್ತದೆ. ತುಳಿದಷ್ಟೂ ಚಕ್ರ ತಿರುಗುತ್ತದೆ, ಸೈಕಲ್ಲು ಮಾತ್ರ ಇದ್ದಲ್ಲೇ ಇರುತ್ತದೆ. (ಸಂಸಾರ ಮಾಡಿದವರಿಗೆ ಈ ಯಂತ್ರವನ್ನು ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ.) ಮೊದಲು ಮನೆಯೊಳಗೆ ಕಾಲು ಸಡಿಲವಾಗಲಿ, ಆಮೇಲೆ ಅದೇ ಕಾಲು ರಸ್ತೆಗೆ ಇಳಿಯುತ್ತದೆ ಎಂಬುದು ಅವಳ ಲೆಕ್ಕ. ಸ್ಟ್ಯಾಂಡಿಗೆಂದೇ ಒಂದು ಮುರುಕು ಸೈಕಲ್ಲನ್ನು ಹಳೇ ಸಾಮಾನಿನವನ ಹತ್ತಿರ ನೋಡಿಟ್ಟು ಬಂದಳು.

“ಅದ್ಯಾಕೆ? ನಂದೇ ಇದೆಯಲ್ಲ” ಅಂದ ಗುರುಚರಣ.

“ಅದು ನಿಮಗೆ ಹೊರಗೆ ಓಡಾಡೋಕೆ ಬೇಕಲ್ರೀ.”

“ರಸ್ತೇಲಿ ಇನ್ನು ನನಗೇನು ಕೆಲಸ, ಜಯಾ.”

ದಿನವೂ ಅವನನ್ನು ಗಿಂಡಿಗೆ ಹೊತ್ತೊಯ್ದು ತಂದಿದ್ದ ಕಪ್ಪು ಸೈಕಲ್ಲು ಮೆಟ್ಟಿಲ ಕೆಳಗಿನಿಂದ ಎದ್ದು ನಡುಮನೆಗೆ ಬಂತು.

ಆಮೇಲಿನ ಕೆಲವು ದಿನ ಮಾತ್ರ ಜಯಲಕ್ಷ್ಮಿ ತನ್ನ ಬುದ್ಧಿಯನ್ನು ತಾನೇ ಮೆಚ್ಚಿಕೊಂಡಳು. ಸ್ಟ್ಯಾಂಡಿನ ಹಲ್ಲಿಗೂ ನಮ್ಮ ದೇಶದ ಸೈಕಲ್ಲಿನ ದಪ್ಪ ನಟ್ಟಿಗೂ ಹೊಂದಿಕೆಯೇ ಇರಲಿಲ್ಲ. ಗುರುಚರಣ ಕಾರ್ಖಾನೆಯ ಟೂಲ್‌ರೂಮಿನಲ್ಲಿ ಕೂದಲೆಳೆಯ ಲೆಕ್ಕದಲ್ಲಿ ಕಬ್ಬಿಣ ಉಜ್ಜಿದವನು. ಅರ ತೆಗೆದು ಕೂತ. ನಟ್ಟು ಉಜ್ಜಿದ, ಚಕ್ರ ನೇರ ಮಾಡಿದ, ಮಡ್‌ಗಾರ್ಡು ಬಿಚ್ಚಿದ. ಗೀರುಗೀರಿನ ಟೈರು ಉರುಳೆಯ ಮೇಲೆ ಹಿಟ್ಟಿನ ಗಿರಣಿಯಂತೆ ಕೂಗಿದಾಗ ಸವೆದು ನುಣ್ಣಗಾದ ಟೈರೊಂದನ್ನು ಮಗಳು ಭಾವನಾಳಿಂದ ತರಿಸಿ ಹಾಕಿದ. ಮೂಗಿನಲ್ಲಿ ಯಾವುದೋ ರಾಗವೂ ಹೊರಡುತ್ತಿತ್ತು.

ಹಿಂದಿನ ಚಕ್ರ ಮೇಲೆದ್ದಿದ್ದರಿಂದ ಸೈಕಲ್ಲು ಮುಂದಕ್ಕೆ ಬಗ್ಗಿತ್ತು. ಮುಂದಿನ ಚಕ್ರದ ಕೆಳಗೆ ಏನಾದರೂ ಇಡಬೇಕಿತ್ತು. ಅಳೆದು ನೋಡಿದರೆ ಎತ್ತರಕ್ಕೆ ಸರಿಹೋದದ್ದು ಊಟದ ಮಣೆ. ಅವನ ತಾಯಿ ಶಾರದಮ್ಮ ಮಡಿ ಸೀರೆಯಲ್ಲಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

“ಗುರು, ನಿಮ್ಮಪ್ಪ ಕೂತು ಉಂಡ ಮಣೆ ಅದು. ಊರೆಲ್ಲ ತುಳಿದ ಚಕ್ರಾನ ಅದರ ಮೇಲೆ ಏರಿಸ್ತೀಯಾ?”

“ಇನ್ನಿದು ಊರು ತುಳಿಯಲ್ಲಮ್ಮ. ಮನೆ ಬಿಟ್ಟು ಹೊರಗೆ ಹೋಗಲ್ಲ.”

ಶಾರದಮ್ಮ ಯೋಚಿಸಿದರು. ಬೀದಿಗೆ ಹೋಗದ, ಬೇರೆಯವರು ಮುಟ್ಟದ, ಒಂದೇ ಕೆಲಸಕ್ಕೆ ಎತ್ತಿಟ್ಟ ವಸ್ತುವಿಗೆ ಅವರ ಶಾಸ್ತ್ರದಲ್ಲಿ ಒಂದು ಸ್ಥಾನವಿತ್ತು. “ಶರಿ, ಹಾಗಾದರೆ ಇದು ಮೀಸಲು” ಅಂದರು. ಲಾರಿ ನೀರಿಗೆ ಬೀದಿಯೇ ಸಾಲು ನಿಲ್ಲುತ್ತಿದ್ದ ಆ ಬೇಸಿಗೆಯಲ್ಲಿ ಜಯಲಕ್ಷ್ಮಿ ಹೊತ್ತು ತಂದ ಕೊಡದಿಂದಲೇ ಸೈಕಲ್ಲಿಗೆ ಸ್ನಾನವಾಯಿತು, ಹ್ಯಾಂಡಲಿಗೆ ಕುಂಕುಮವಾಯಿತು.

ಮಾರನೆಯ ಬೆಳಿಗ್ಗೆ ಗುರುಚರಣ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಶರಟು ತೊಟ್ಟು, ಪ್ಯಾಂಟಿನ ಕಾಲಿಗೆ ಕ್ಲಿಪ್ಪು ಸಿಕ್ಕಿಸಿಕೊಂಡು ಬಂದು, “ಡಬ್ಬಿ ಕಟ್ಟಿದ್ಯಾ?” ಎಂದು ಕೇಳಿದ. ಅವಳಿಗೆ ತಿಳಿಯಲಿಲ್ಲ. ಆದರೂ ಕೈ ಹಳೆಯ ಅಭ್ಯಾಸದಿಂದ ಮೊಸರನ್ನ ಕಲಸಿ ಕಟ್ಟಿಕೊಟ್ಟಿತು. ಅವನು ಡಬ್ಬಿಯನ್ನು ಕ್ಯಾರಿಯರಿಗೆ ಸಿಕ್ಕಿಸಿ, ಸೈಕಲ್ಲೇರಿ, ಕಾರ್ಖಾನೆಗೆ ಹೊರಟ.

ಅಶೋಕ್ ಪಿಲ್ಲರಿನ ಹತ್ತಿರ ಗಂಟೆ ಬಾರಿಸಿದ. ಸಿಗ್ನಲ್ಲಿನಲ್ಲಿ ನಿಲ್ಲಿಸಿ, ಬೆವರೊರೆಸಿಕೊಂಡು, ಹಸಿರು ಬೀಳುವವರೆಗೆ ಕಾದ. ಈಕ್ಕಾಟ್ಟುತಾಂಗಲ್ ಸೇತುವೆಯ ಏರು ಬಂದಾಗ ಬಗ್ಗಿ ಉರುಳೆಯ ತಿರುಪು ಬಿಗಿ ಮಾಡಿಕೊಂಡು ಉಸಿರು ಕಟ್ಟಿ ತುಳಿದ. ಗಿಂಡಿ ಮುಟ್ಟಿದ ಮೇಲೆ ಇಳಿದು, ಹಿತ್ತಲ ಕಡೆಯ ಸಾಮಾನಿನ ಕೋಣೆಗೆ ಹೋಗಿ, ಹೊಲಿಗೆಯ ಯಂತ್ರವನ್ನೋ ಮಿಕ್ಸಿಯನ್ನೋ ಬಿಚ್ಚಿಕೊಂಡು ಕೂತ. ಮಧ್ಯಾಹ್ನ ಅಲ್ಲೇ ಡಬ್ಬಿ ತೆಗೆದು ಉಂಡ. ಸಂಜೆ ಮತ್ತೆ ಸೈಕಲ್ಲೇರಿ ಮನೆಗೆ ಬಂದ.

ದಿನವೂ ಇದೇ ಆಯಿತು. ತೆಂಗಿನಕಾಯಿ ಒಡೆದುಕೊಡಿ ಎಂದು ಅವಳು ಕೋಣೆಯ ಕಡೆ ಹೊರಟರೆ ಅತ್ತೆ ತಡೆಯುತ್ತಿದ್ದರು, “ಅವನು ಆಫೀಸಿಗೆ ಹೋಗಿದಾನೆ, ಪಾವಂ, ಕೂಗಬೇಡ.” ಫೋನು ಬಂದರೆ ಭಾವನಾ ಎತ್ತಿಕೊಂಡು, “ಅಪ್ಪಾ ಆಫೀಸ್ ಪೋಯಿರುಕ್ಕಾರ್” ಅನ್ನುತ್ತಿದ್ದಳು, ನಗುತ್ತಲೂ ಇರಲಿಲ್ಲ. ಸಂಜೆ ಮೊಸರು ತರಲು ಹೇಳಿದರೆ ಗುರುಚರಣ ಕುರ್ಚಿಗೆ ಒರಗಿ, ಈಗ ತಾನೇ ಗಿಂಡಿಯಿಂದ ಬಂದಿದ್ದೇನೆ, ಕಾಲು ನೋಯುತ್ತದೆ ಎನ್ನುತ್ತಿದ್ದ. ಕಾಲು ನಿಜವಾಗಿಯೂ ನೋಯುತ್ತಿತ್ತು. ಸಕ್ಕರೆಯೂ ನಿಜವಾಗಿಯೇ ಇಳಿದಿತ್ತು. ಡಾಕ್ಟರು ಜಯಲಕ್ಷ್ಮಿಯ ಉಪಾಯವನ್ನು ಹೊಗಳಿದರು.

ಒಂದು ಸಂಜೆ ಅವಳು ಸೈಕಲ್ಲಿನ ಮುಂದೆ ನಿಂತುಬಿಟ್ಟಳು. “ಎಷ್ಟು ದಿನ ಹೀಗೆ ಹೋಗಿ ಬರ್ತೀರಿ?”

ಅವನು ತುಳಿಯುವುದನ್ನು ನಿಲ್ಲಿಸಿದ. “ಇದೇ ವಾಸಿ ಜಯಾ. ಇಲ್ಲಿ ಗೇಟಿನಲ್ಲಿ ಯಾರೂ ತಡೆಯೋದಿಲ್ಲ” ಎಂದ. ಮತ್ತೆ ತುಳಿಯತೊಡಗಿದ. ಉರುಳೆಯ ಸದ್ದು ಕತ್ತಲಾಗುವವರೆಗೂ ಕೇಳುತ್ತಿತ್ತು.

ಅವಳು ಗುಟ್ಟಾಗಿ ವಿಷ್ಣುಮೂರ್ತಿಗೆ ಫೋನು ಮಾಡಿದಳು. ಅವನೂ ಅದೇ ಟೂಲ್‌ರೂಮಿನವನು, ಅದೇ ವಾರ ಅದೇ ನಿವೃತ್ತಿಯ ಹಾರ ಹಾಕಿಸಿಕೊಂಡು ಮನೆಗೆ ಬಂದವನು. ಆದರೆ ಊರೆಲ್ಲ ತಿರುಗಾಡಿಕೊಂಡಿದ್ದ. ಹೇಗಾದರೂ ಮಾಡಿ ಇವರನ್ನು ಹೊರಗೆ ಕರೆದುಕೊಂಡು ಹೋಗಿ ಎಂದು ಕೇಳಿಕೊಂಡಳು. ವಿಷ್ಣುಮೂರ್ತಿ ಬಂದ. ಸೈಕಲ್ಲನ್ನು ಬಹಳ ಹೊತ್ತು ನೋಡಿದ. ಸ್ನೇಹಿತನಿಗೆ ಬುದ್ಧಿ ಹೇಳುತ್ತಾನೆ ಎಂದು ಅವಳು ಕಾದಳು.

“ಈಕ್ಕಾಟ್ಟುತಾಂಗಲ್ ಮೇಲೆ ಯಾಕೋ ಹೋಗ್ತೀಯಾ? ಸೈದಾಪೇಟೆ ಕಡೆಯಿಂದ ಹೋದರೆ ಈ ಏರೇ ಇಲ್ಲ.”

ಆ ಬೆಳಗ್ಗೆಯೆಲ್ಲ ದಾರಿಯ ವಾಗ್ವಾದದಲ್ಲಿ ಕಳೆಯಿತು. ಮಾರನೆಯ ದಿನ ವಿಷ್ಣುಮೂರ್ತಿ ತನ್ನ ಡಬ್ಬಿ ಹಿಡಿದು ಬಂದ. ಸೈಕಲ್ಲು ಒಂದೇ ಆದ್ದರಿಂದ ಶಿಫ್ಟು ಶುರುವಾಯಿತು. ಒಬ್ಬ ತುಳಿಯುವಾಗ ಇನ್ನೊಬ್ಬ ಈಸಿಚೇರಿನಲ್ಲಿ ಕೂತು ಸೂಪರ್‌ವೈಸರನನ್ನು ಬೈಯುತ್ತಿದ್ದ. ಗಂಡನನ್ನು ಕಾರ್ಖಾನೆಯಿಂದ ಬಿಡಿಸಲು ಹೋದ ಜಯಲಕ್ಷ್ಮಿ ತಾನೇ ಕಾರ್ಖಾನೆಗೆ ಸೇರಿಕೊಂಡಿದ್ದಳು. ಮಧ್ಯಾಹ್ನದ ಮುಂಚೆ ಒಂದು ಕಾಫಿ, ಊಟವಾದ ಮೇಲೆ ಒಂದು, ಹೊರಡುವಾಗ ಒಂದು. ತೊಳೆದಿಟ್ಟ ಲೋಟ ಒಣಗಲೇ ಇಲ್ಲ.

ಒಂದು ಶನಿವಾರ ಊಟದ ನಂತರದ ಕಾಫಿ ಕುಡಿದು ವಿಷ್ಣುಮೂರ್ತಿ ಲೋಟ ಕೆಳಗಿಟ್ಟ. “ತಪ್ಪು ತಿಳ್ಕೋಬೇಡಿ ಅತ್ತಿಗೆ. ಎರಡು ದಿನದಿಂದ ಕ್ಯಾಂಟೀನ್ ಕಾಫಿ ತೆಳ್ಳಗಿದೆ.”

ಗುರುಚರಣ ತನ್ನ ಲೋಟವನ್ನೂ ಅದರ ಪಕ್ಕಕ್ಕೆ ಸರಿಸಿದ.

ಜಯಲಕ್ಷ್ಮಿ ಎರಡೂ ಲೋಟ ಎತ್ತಿಕೊಂಡಳು. “ಕ್ಯಾಂಟೀನ್ ಮುಚ್ಚಿದೆ” ಎಂದಳು. ಅಡುಗೆಮನೆಯ ಬಾಗಿಲಿಗೆ ಚಿಲಕ ಹಾಕಿ ಅಲ್ಲೇ ನೆಲದ ಮೇಲೆ ಕೂತಳು. ಅಳಬೇಕೆಂದಿದ್ದಳು. ಅದಕ್ಕೂ ಬೇಸರವಾಯಿತು.

ಕ್ಯಾಂಟೀನು ಮುಚ್ಚಿದ ದಿನ ಏನು ಮಾಡಬೇಕೆಂದು ಟೂಲ್‌ರೂಮಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗೇಟಿನ ಹೊರಗಿನ ಟೀ ಅಂಗಡಿಗೆ ಹೋಗಬೇಕು, ಅಷ್ಟೇ. ವಿಷ್ಣುಮೂರ್ತಿ ಎದ್ದ. ಹಿಂದೆಯೇ ಗುರುಚರಣ ಎದ್ದು, ಚಪ್ಪಲಿ ಮೆಟ್ಟಿ, ಹೊಸಿಲು ದಾಟಿದ. ತಾನು ದಾಟಿದೆನೆಂಬುದು ಅವನಿಗೇ ತಿಳಿಯಲಿಲ್ಲ.

ಅರ್ಧ ದಿನದ ಬ್ಯಾಂಕು ಮುಗಿಸಿ ಮೇಲಿನ ಮನೆಯವರು ಆಗಲೇ ಮೆಟ್ಟಿಲು ಹತ್ತುತ್ತಿದ್ದರು. “ಎನ್ನ ಸಾರ್, ಲೀವಾ?”

ಒಳಗೆ ಜಯಲಕ್ಷ್ಮಿ ಬಾಗಿಲಿಗೆ ಕಿವಿಯಿಟ್ಟಳು.

“ಎನಕ್ಕಿಲ್ಲೆ ಸಾರ್. ಕ್ಯಾಂಟೀನುಕ್ಕು ಲೀವ್” ಎಂದ ಗುರುಚರಣ. ರಜ ಇರುವುದು ತನಗಲ್ಲ, ಕ್ಯಾಂಟೀನಿಗೆ. ಬ್ಯಾಂಕಿನವರು ಏನು ತಿಳಿದುಕೊಂಡರೋ, ತಲೆಯಾಡಿಸಿ ಮೇಲೆ ಹೋದರು.

ಅಲ್ಲಿಂದ ಮುಂದೆ ಅವನು ಮನೆಯಲ್ಲಿ ನಿಲ್ಲಲಿಲ್ಲ. ಬೆಳಿಗ್ಗೆ ಹೋದರೆ ಸಂಜೆಗೆ ಬರುತ್ತಿದ್ದ. ಟೀ ಅಂಗಡಿಯ ಬೆಂಚಿನಲ್ಲಿ ಹಳೆಯ ಟೂಲ್‌ರೂಮಿನವರು ಇನ್ನೂ ಕೆಲವರು ಕೂಡಿಕೊಂಡಿದ್ದರಂತೆ. ಜಯಲಕ್ಷ್ಮಿ ರಾಯರ ಹರಕೆ ತೀರಿಸಿ ಬಂದಳು. ನನ್ನ ಮಗನನ್ನು ಮನೆಯಿಂದ ಓಡಿಸಿದೆ ಎಂದು ಅತ್ತೆ ಮಾತು ಬಿಟ್ಟರು. ಬಜ್ಜಿ, ವಡೆ, ಸಕ್ಕರೆ ತುಂಬಿದ ಟೀ ಸೇರಿ ಗುರುಚರಣನ ಸಕ್ಕರೆ ಮೊದಲಿಗಿಂತ ಮೇಲೇರಿತು. ಅವನನ್ನು ಕರೆದುಕೊಂಡು ಹೋದಾಗ ಡಾಕ್ಟರು ಅವಳ ಮುಖ ನೋಡಿ, ನಿಮ್ಮ ರಕ್ತವನ್ನೂ ಒಮ್ಮೆ ನೋಡೋಣ ಎಂದರು. ನೋಡಿದರೆ ಅವಳದು ಗಂಡನದನ್ನೂ ಮೀರಿಸಿತ್ತು. ಹೇಗೂ ಮನೆಯಲ್ಲೇ ಸೈಕಲ್ಲು ಇದೆಯಲ್ಲ, ದಿನವೂ ತುಳಿಯಿರಿ ಎಂದು ಡಾಕ್ಟರು ಸಂತೋಷವಾಗಿಯೇ ಹೇಳಿದರು.

ಗುರುಚರಣ ಅವಳಿಗಾಗಿ ಸೀಟು ಇಳಿಸಿಕೊಟ್ಟ. ಪಕ್ಕದಲ್ಲಿ ಸ್ಟೂಲು ಇಟ್ಟ. “ಹುಷಾರಾಗಿ ಹೋಗು” ಎಂದು ಹೇಳಿ ತಾನು ಟೀ ಅಂಗಡಿಗೆ ಹೊರಟ.

ಅವಳು ಸೀರೆ ಎತ್ತಿ ಸಿಕ್ಕಿಸಿ ಹತ್ತಿ ಕೂತಳು. ಎಲ್ಲಿಗೆ ಹೋಗುವುದು? ಗಿಂಡಿಯ ದಾರಿ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ದಾರಿಯಲ್ಲೇ ತುಳಿದಳು. ಹಾಲಿನ ಬೂತು ಬಂತು, ರೇಷನ್ ಅಂಗಡಿ ಬಂತು, ಮಠ ಬಂತು. ಅಲ್ಲಿಗೆ ಮದರಾಸು ಮುಗಿದುಹೋಯಿತು. ಇಷ್ಟು ವರ್ಷ ಇದ್ದ ಊರು ಇಷ್ಟೇ ಚಿಕ್ಕದೇ ಎಂದು ಅವಳು ತುಳಿಯುವುದನ್ನು ಮರೆತು ಕೂತಳು.

ಒಳಗಿನಿಂದ ಶಾರದಮ್ಮ ಎಷ್ಟೋ ದಿನದ ಮೇಲೆ ಮಾತಾಡಿದರು.

“ಜಯಾ, ಹೇಗೂ ಹೊರಟಿದೀಯಲ್ಲ, ಬರುವಾಗ ಒಂದು ಕಟ್ಟು ಕೊತ್ತಂಬರಿ ತಂದುಬಿಡು. ಸಾರಿಗಿಲ್ಲ.”

ಜಯಲಕ್ಷ್ಮಿ ಸ್ಟೂಲಿನ ಮೇಲೆ ಕಾಲಿಟ್ಟು ಇಳಿದಳು. ಸೆರಗು ಸರಿಮಾಡಿಕೊಂಡು, ಚೀಲ ತೆಗೆದುಕೊಂಡು, ಬಿಸಿಲಿಗೆ ನಡೆದಳು.